ಹಾಲಿನ ಲೆಕ್ಕದ ಪಕ್ಕದ ಚುಕ್ಕಿ

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ನಾನೂ ನನ್ನ ನಾದಿನಿಯೂ ಹಿತ್ತಲ ಜಗಲಿಯ ಮೇಲೆ ಕೂತಿದ್ದೆವು. ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಂದು ಸೇರು ಮುಗಿಯುವಷ್ಟರಲ್ಲಿ ಗಂಟೆ ಕಳೆಯುತ್ತದೆ. ಅಷ್ಟು ಹೊತ್ತೂ ಕೈಗೂ ಕೆಲಸ, ಕಣ್ಣಿಗೂ ಕೆಲಸ. ಒಬ್ಬರ ಮುಖ ಒಬ್ಬರು ನೋಡದೆ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡು, ಹೆಂಗಸರ ಓಪಿಡಿ ಎರಡರಲ್ಲೂ 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಹೆಂಗಸರು ಕೆಲವು ಮಾತನ್ನು ಹೀಗೆ ಕೆಲಸದ ನಡುವೆಯೇ ಹೊರಗೆ ಬಿಡುತ್ತಾರೆ ಅನ್ನುವುದು ನನಗೆ ಗೊತ್ತು.

"ಈ ಸಲ ನಾನು ಎಳ್ಳು ಮುಟ್ಟಲೇ ಇಲ್ಲ ಅತ್ತಿಗೆ," ಅಂದಳು.

"ಯಾಕೆ?"

"ಉಷ್ಣ. ಮೈಗೆ ಆಗ್ತಿಲ್ಲ. ತಿಂಗಳಿಗೆ ಎರಡೆರಡು ಸಲ ಹೊರಗಾಗ್ತಾ ಇದೀನಿ."

"ಎಷ್ಟು ತಿಂಗಳಿಂದ?"

"ಮೂರು ಇರಬಹುದು."

"ಎರಡು ಸಲವೂ ಒಂದೇ ಥರ ಆಗುತ್ತಾ? ಅಷ್ಟೇ ದಿನ, ಅಷ್ಟೇ ಪ್ಯಾಡು?"

"ಇಲ್ಲ ಇಲ್ಲ. ಒಂದು ಸರಿಯಾಗಿ ಆಗುತ್ತೆ, ಐದು ದಿನ. ಇನ್ನೊಂದು ಹೀಗೇ ಕಲೆ ಕಲೆ. ಕೆಂಪು ಅಂತಲೂ ಹೇಳೋಕಾಗಲ್ಲ, ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ. ಎರಡು ದಿನ ಇದ್ದು ಹೋಗುತ್ತೆ. ಒಂದೊಂದ್ಸಲ ಒಂದೇ ದಿನ."

"ಹಾಗಾದರೆ ಆ ಎರಡನೆಯದನ್ನ ಮುಟ್ಟು ಅಂತ ಕರೀಬೇಡ."

"ಮತ್ತೇನಂತ ಕರೀಲಿ? ಅಲ್ಲಿಂದ ಬರೋ ರಕ್ತ ಎಲ್ಲಾ ಮುಟ್ಟೇ ತಾನೇ?"

"ಅಲ್ಲ ಕಣೇ. ಮೂಗಿಂದ ರಕ್ತ ಬಂದರೆ ನೆಗಡಿ ಅಂತೀಯಾ? ಮುಟ್ಟು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಒಂದು ಸಲ ಶುರುವಾದ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ ಎಣಿಸಬೇಕು. 24ರಿಂದ 38 ದಿನದೊಳಗೆ ಬಂದರೆ, 8 ದಿನದೊಳಗೆ ನಿಂತರೆ, ಅದು ಮುಟ್ಟು. ಆ ಎರಡರ ನಡುವೆ ಕಾಣೋ ರಕ್ತಕ್ಕೆ ಬೇರೆ ಕಾರಣ ಇರುತ್ತೆ. 'ಎರಡು ಸಲ ಆಯ್ತು' ಅಂದ್ಬಿಟ್ಟರೆ ಕೇಳಿದವರೂ ಉಷ್ಣ ಅಂತಾರೆ, ನೀನೂ ಎಳನೀರು ಕುಡಿದು ಸುಮ್ಮನಾಗ್ತೀಯ. ಹೆಸರು ತಪ್ಪಿದರೆ ದಾರೀನೂ ತಪ್ಪುತ್ತೆ."

ಅವಳು ಬೇಳೆಯೊಂದನ್ನು ಬೆರಳಲ್ಲಿ ಹೊರಳಿಸುತ್ತಾ ಸ್ವಲ್ಪ ಹೊತ್ತು ಕೂತಳು.

"ದಿನಾಂಕ ಏನಾದರೂ ಬರೆದಿಟ್ಟಿದ್ದೀಯಾ?" ಕೇಳಿದೆ.

"ಬರೆಯೋದೆಲ್ಲಿ? ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿಗೆ ಗೀಟು ಹಾಕ್ತೀನಲ್ಲ, ಅದರ ಪಕ್ಕ ಒಂದು ಚುಕ್ಕಿ ಇಡ್ತೀನಿ. ಇವರು ನೋಡಿದ್ರೂ ಅರ್ಧ ಲೀಟರ್ ಜಾಸ್ತಿ ತಗೊಂಡ ಲೆಕ್ಕ ಅಂದ್ಕೋತಾರೆ."

"ಒಳ್ಳೆ ಕೆಲಸ ಮಾಡಿದೀಯ. ಡಾಕ್ಟರು ಮೊದಲು ಕೇಳೋದೇ ಅದನ್ನ."

"ಹಳೇ ವರ್ಷದ್ದು ಗೋಡೆಯಿಂದ ಇಳಿಸಿಯಾಯ್ತು ಅತ್ತಿಗೆ. ಎಲ್ಲಿದೆಯೋ ಏನೋ. ಆದರೆ ನೆನಪಿದೆ ನನಗೆ. ಗೃಹಪ್ರವೇಶಕ್ಕೆ ಮಾತ್ರೆ ತಗೊಂಡೆನಲ್ಲ, ಅಲ್ಲಿಂದಲೇ ಶುರು ಇದು."

ಕಾರ್ತಿಕ ಮಾಸದಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. ದಿನ ಗೊತ್ತಾದ ಮೇಲೆ ಲೆಕ್ಕ ಹಾಕಿದರೆ ಇವಳ ತಾರೀಕು ಅದೇ ವಾರ. ಹೋಮಕ್ಕೆ ಕೂರಬೇಕಾದವಳೇ ಇವಳು. ಮಗನನ್ನು ಮೆಡಿಕಲ್ ಸ್ಟೋರಿಗೆ ಕಳಿಸಿ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ತರಿಸಿಕೊಂಡು ಹನ್ನೆರಡು ದಿನ ನುಂಗಿದ್ದಳು. ಮದುವೆ, ಶ್ರಾವಣದ ಪೂಜೆ, ಬೆಟ್ಟದ ಯಾತ್ರೆ, ಎಲ್ಲಕ್ಕೂ ನಮ್ಮ ಹೆಂಗಸರು ನುಂಗುವುದು ಇದನ್ನೇ. ದೇವರ ಹೆಸರಿನಲ್ಲಿ ಚೀಟಿಯಿಲ್ಲದೆ ನುಂಗುವ ಈ ಮಾತ್ರೆಯ ಬಗ್ಗೆ ನನಗೆ ಬಹಳ ದಿನದ ಸಂಕಟವಿದೆ.

"ಆ ಮಾತ್ರೆ ಏನು ಮಾಡುತ್ತೆ ಅಂತ ಯಾರಾದರೂ ಹೇಳಿದ್ರಾ ನಿನಗೆ?"

"ತಡೆಯುತ್ತೆ ಅಂದ್ರು. ಅಷ್ಟೇ."

"ಕೇಳು. ಗರ್ಭಕೋಶದ ಒಳಗೋಡೆ ಮಣ್ಣಿನ ಮನೆ ಗೋಡೆ ಇದ್ದ ಹಾಗೆ. ಪ್ರತಿ ತಿಂಗಳೂ ಈಸ್ಟ್ರೋಜನ್ ಅನ್ನೋ ಹಾರ್ಮೋನು ಬಂದು ಸಾರಣೆ ಮೇಲೆ ಸಾರಣೆ ಹಚ್ಚುತ್ತೆ. ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಅನ್ನೋದು ಬಂದು ಆ ಸಾರಣೆಯನ್ನ ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತೆ. ಬಸಿರು ನಿಲ್ಲಲಿಲ್ಲ ಅಂದರೆ ಎರಡೂ ಕೈ ಬಿಡ್ತವೆ, ಗೋಡೆಯೆಲ್ಲ ಒಟ್ಟಿಗೆ ಕಳಚಿ ಬೀಳುತ್ತೆ. ಅದೇ ಮುಟ್ಟು. ನೀನು ನುಂಗಿದ ಮಾತ್ರೆ ಪ್ರೊಜೆಸ್ಟೆರಾನ್ ಜಾತಿಯದ್ದೇ. ನುಂಗುವಷ್ಟು ದಿನ ಹಿಡಿದುಕೊಂಡಿರುತ್ತೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಬಿಡುತ್ತೆ. ನಡುವೆ ಒಂದು ದಿನ ಮರೆತರೆ ಅಲ್ಲಲ್ಲಿ ಉದುರುತ್ತೆ."

"ಒಂದು ದಿನ ಮರೆತಿದ್ದೆ."

"ಆ ತಿಂಗಳ ಲೆಕ್ಕ ಕೆಡೋಕೆ ಅಷ್ಟು ಸಾಕು. ಮಕ್ಕಳಾಗದ ಹಾಗೆ ನುಂಗೋ ಮಾಲಾ ಮಾತ್ರೆಯಲ್ಲೂ ಹೀಗೇ ಆಗುತ್ತೆ. ಶುರು ಮಾಡಿದ ಮೂರು ತಿಂಗಳು ಕಲೆ ಕಾಣೋದು ಸಾಮಾನ್ಯ, ಮರೆತರಂತೂ ಇನ್ನೂ. ಸರ್ಕಾರಿ ಆಸ್ಪತ್ರೇಲಿ ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್ ಕೊಡ್ತಾರಲ್ಲ, ಅದು ತಗೊಂಡವರಿಗೂ ಯಾವಾಗ ಬರುತ್ತೆ ಯಾವಾಗ ಬರಲ್ಲ ಅನ್ನೋದು ಮೊದಮೊದಲು ಗೊತ್ತೇ ಆಗಲ್ಲ. ಕಾಪರ್‌ಟಿ ಹಾಕಿಸಿಕೊಂಡವರಿಗೂ ಶುರುವಿನ ತಿಂಗಳುಗಳಲ್ಲಿ ನಡುವೆ ಕಾಣುತ್ತೆ. ಇದೆಲ್ಲ ಹೆದರೋ ವಿಷಯ ಅಲ್ಲ. ಆದರೆ ನೀನು ನುಂಗಿದ್ದು ಹನ್ನೆರಡೇ ದಿನ. ಅದು ಒಂದು ತಿಂಗಳು ಏರುಪೇರು ಮಾಡಬಹುದು. ಇವತ್ತಿನ ಕಲೆಗೂ ಅದೇ ಕಾರಣ ಅಂತ ನನಗೆ ನಂಬಿಕೆ ಬರ್ತಿಲ್ಲ."

"ಹಾಗಾದರೆ ವಯಸ್ಸು. 42 ಆಯ್ತಲ್ಲ ನನಗೆ. ಇನ್ನೇನು ನಿಲ್ಲೋ ಕಾಲ."

"ಇರಬಹುದು. ಈ ವಯಸ್ಸಲ್ಲಿ ಕೆಲವು ತಿಂಗಳು ಅಂಡ ಬಿಡೋದೇ ಇಲ್ಲ. ಅಂಡ ಇಲ್ಲದಿದ್ದರೆ ಪ್ರೊಜೆಸ್ಟೆರಾನ್ ಇಲ್ಲ. ಸಾರಣೆ ಹಚ್ಚೋ ಕೈ ಇದೆ, ಹಿಡಿಯೋ ಕೈ ಇಲ್ಲ. ದಪ್ಪ ಆಗ್ತಾ ಆಗ್ತಾ ಗೋಡೆ ತನ್ನ ಭಾರಕ್ಕೇ ತುಣುಕು ತುಣುಕಾಗಿ ಉದುರುತ್ತೆ. ಈಗ ತಾನೇ ದೊಡ್ಡವಳಾದ ಹುಡುಗೀರಿಗೆ ಮೊದಲೆರಡು ವರ್ಷ ಹಿಂದುಮುಂದಾಗೋದಕ್ಕೂ, ಪಿಸಿಓಡಿ ಇರೋರಿಗೆ ತಿಂಗಳುಗಟ್ಟಲೆ ನಿಂತು ಆಮೇಲೆ ಸುರಿಯೋದಕ್ಕೂ ಇದೇ ಕಾರಣ. ಥೈರಾಯ್ಡ್ ಕೆಟ್ಟರೂ ಹೀಗಾಗುತ್ತೆ. ಆದರೆ ನಿನ್ನ ನಿಜವಾದ ಮುಟ್ಟು ತಾರೀಕಿಗೆ ಸರಿಯಾಗಿ ಬರ್ತಿದೆ ಅಂತೀಯ. ಅಂದರೆ ಅಂಡ ಬಿಡ್ತಾ ಇದೆ ಅನ್ನಿಸುತ್ತೆ. ತಾರೀಕು ತಪ್ಪದೆ ಬಂದು, ನಡುವೆ ಬೇರೆ ಕಾಣ್ತಿದೆ ಅಂದರೆ, ಗೋಡೆ ಬಿಟ್ಟು ಬಾಗಿಲು, ಹೊಸಿಲು ಎಲ್ಲ ನೋಡಬೇಕು."

"ತಿಂಗಳ ನಟ್ಟನಡುವೆ ಅಂಡ ಬಿಡೋ ದಿನ ಚೂರು ಕಾಣುತ್ತಂತೆ? ಮಗಳು ಅದೇನೋ ಓದಿ ಹೇಳಿದಳು."

"ಕೆಲವರಿಗೆ ಕಾಣುತ್ತೆ. ಒಂದು ದಿನ, ಹೆಚ್ಚಂದರೆ ಎರಡು ದಿನ, ತಿಳಿ ಗುಲಾಬಿ ಬಣ್ಣ, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ. ನಿನ್ನದು ಅದೇ ದಿನಕ್ಕೆ ಬರುತ್ತಾ?"

"ಇಲ್ಲ. ಮುಟ್ಟು ಮುಗಿದು ವಾರಕ್ಕೂ ಕಂಡಿದೆ, ಇನ್ನೆರಡು ದಿನ ಇದೆ ಅನ್ನುವಾಗಲೂ ಕಂಡಿದೆ."

"ಹಾಗಾದರೆ ಅದನ್ನ ಬಿಡು. ಬಸಿರಿನ ಪರೀಕ್ಷೆ ಮಾಡಿಕೊಂಡ್ಯಾ?"

ಅವಳು ನಕ್ಕೇಬಿಟ್ಟಳು. "ಏನತ್ತಿಗೆ ನೀವು! ಚಿಕ್ಕವನು ಹುಟ್ಟಿದಾಗಲೇ ಆಪರೇಷನ್ ಆಗಿದೆ. ಹದಿನಾರು ವರ್ಷ ಆಯ್ತು."

"ನಗಬೇಡ. ಆಪರೇಷನ್ ಆದವರಲ್ಲಿ ಬಸಿರು ನಿಲ್ಲೋದು ಬಹಳ ಅಪರೂಪ. ಆದರೆ ನಿಂತರೆ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲೇ ನಿಲ್ಲೋ ಸಂಭವ ಹೆಚ್ಚು. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹೋಗುತ್ತೆ. ಹೊರಗೆ ಕಾಣೋದು ಬರೀ ನಾಲ್ಕು ಹನಿ. ಒಂದು ಪಕ್ಕ ಕೆಳಹೊಟ್ಟೆ ನೋವು, ಭುಜದ ತುದೀಲಿ ನೋವು, ಕಣ್ಣು ಕತ್ತಲೆ ಅಂತ ಬಂದವರನ್ನ ಸ್ಟ್ರೆಚರ್ ಮೇಲೆ ಓಡಿಸಿದ್ದೀನಿ ನಾನು. ಅದಕ್ಕೇ ಹೊತ್ತಲ್ಲದ ಹೊತ್ತಲ್ಲಿ ರಕ್ತ ಅಂತ ಯಾರು ಬಂದರೂ, 20 ಆಗಲಿ 45 ಆಗಲಿ, ನಾವು ಮೊದಲು ಮೂತ್ರ ಪರೀಕ್ಷೆ ಮಾಡ್ತಿದ್ವಿ. ಆಶಾ ಕಾರ್ಯಕರ್ತೆ ಹತ್ತಿರ ಆ ಕಿಟ್ಟು ಇರುತ್ತೆ. ಐದು ನಿಮಿಷದ ಕೆಲಸ, ಒಂದು ಅನುಮಾನ ಕಳೀತು."

"ಆಯ್ತು, ಮಾಡ್ಕೋತೀನಿ." ನಗು ನಿಂತಿತ್ತು.

"ಎರಡೂ ಹೆರಿಗೆ ಸಿಸೇರಿಯನ್ ಅಲ್ವಾ ನಿನ್ನದು?"

"ಹೌದು. ಅದಕ್ಕೂ ಇದಕ್ಕೂ ಏನು?"

"ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದನ್ನ ಯಾರೂ ಹೇಳ್ತಿರಲಿಲ್ಲ. ಸ್ಕ್ಯಾನಿಂಗ್ ಬಂದ ಮೇಲೆ ಗೊತ್ತಾದದ್ದು. ಗರ್ಭಕೋಶ ಕೊಯ್ದು ಹೊಲಿದ ಜಾಗ ಕೆಲವರಲ್ಲಿ ಒಳಗಡೆ ಸಣ್ಣ ಹಳ್ಳ ಆಗಿ ಉಳಿಯುತ್ತೆ. ಮುಟ್ಟಿನ ರಕ್ತ ಅಲ್ಲಿ ನಿಂತು, ಎಲ್ಲಾ ಮುಗೀತು ಅಂದ್ಕೊಂಡ ಮೇಲೆ ಕಂದು ಬಣ್ಣದಲ್ಲಿ ಜಿನುಗುತ್ತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರು ಹೆರಿಗೆಗೆ 31 ಸಿಸೇರಿಯನ್. ಇಂಥ ಕಲೆ ಎಷ್ಟು ಮನೇಲಿ ಇರಬಹುದು, ಯೋಚನೆ ಮಾಡು. ನಿನ್ನದು ಮುಟ್ಟಿನ ಬೆನ್ನಿಗೇ ಬಂದಿದ್ದರೆ ನಾನೂ ಅದನ್ನೇ ಅಂದ್ಕೋತಿದ್ದೆ. ಮುಂಚೇನೂ ಬರುತ್ತೆ ಅಂತೀಯಲ್ಲ."

"ಗಡ್ಡೆ ಏನಾದ್ರೂ?"

"ಗಡ್ಡೆ ಅಂದರೆ ಫೈಬ್ರಾಯ್ಡು. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯೋದು, ಬಹಳ ಜನಕ್ಕೆ ಇರುತ್ತೆ, ಕ್ಯಾನ್ಸರ್ ಅಲ್ಲ. ಒಳಗೋಡೆ ಕಡೆಗೆ ಉಬ್ಬಿಕೊಂಡರೆ ರಕ್ತ ತರಿಸುತ್ತೆ, ಹೊರಗಡೆ ಬೆಳೆದದ್ದು ಇದೆ ಅಂತಲೂ ಗೊತ್ತಾಗಲ್ಲ. ಇನ್ನೊಂದು ಪಾಲಿಪ್." ಒಂದು ಹಿತುಕಿದ ಬೇಳೆಯನ್ನು ಅಂಗೈ ಮೇಲಿಟ್ಟು ತೋರಿಸಿದೆ. "ಕೆಲವು ಇಷ್ಟೇ ಇರುತ್ತೆ. ನಯವಾಗಿ, ಕೆಂಪಗೆ, ಒಂದು ಸಣ್ಣ ತೊಟ್ಟಿಗೆ ನೇತಾಡಿಕೊಂಡು. ಗರ್ಭಕೋಶದ ಬಾಯಲ್ಲಿ ಇದ್ದರೆ ಬರಿಗಣ್ಣಿಗೇ ಕಾಣುತ್ತೆ. ಡಾಕ್ಟರು ಅಲ್ಲೇ ತಿರುಚಿ ತೆಗೆದು ಪರೀಕ್ಷೆಗೆ ಕಳಿಸ್ತಾರೆ, ನೀನು ಅವತ್ತೇ ಬಸ್ ಹತ್ತಿ ಮನೆಗೆ ಬರ್ತೀಯ. ಒಳಗಿದ್ದರೆ ಸ್ಕ್ಯಾನಿಂಗಲ್ಲಿ ನೋಡಬೇಕು."

"ಇಷ್ಟು ಸಣ್ಣದ್ದು ಅಷ್ಟೆಲ್ಲಾ ರಕ್ತ ತರಿಸುತ್ತಾ?"

"ತಗಲಿದರೆ ತರಿಸುತ್ತೆ."

ಈ ಮಾತಿನ ಮೇಲೆ ನನ್ನೊಳಗೆ ಆಗಿನಿಂದ ಕಾಯುತ್ತಿದ್ದ ಪ್ರಶ್ನೆ ಬಾಯಿಗೆ ಬಂತು. ಅಷ್ಟರಲ್ಲಿ ನನ್ನ ಯಜಮಾನರು ಹಿತ್ತಲ ಬಾಗಿಲಿಗೆ ಬಂದು, ಕಾಫಿ ಆಯ್ತಾ ಅಂತ ಕೇಳಿದರು. ನಾದಿನಿ ಸೆರಗು ಸರಿಮಾಡಿಕೊಂಡು, "ಆಗುತ್ತೆ ಅಣ್ಣ, ಹೋಗು," ಅಂದಳು. ಅವರ ಹೆಜ್ಜೆ ಸದ್ದು ನಡುಮನೆ ದಾಟುವವರೆಗೂ ಇಬ್ಬರೂ ಸುಮ್ಮನೆ ಕಾಳು ಹಿತುಕಿದೆವು.

"ಒಂದು ಕೇಳ್ತೀನಿ, ಅಣ್ಣನ ಹೆಂಡತಿ ಅಂತ ನಾಚಿಕೋಬೇಡ. ನರ್ಸಮ್ಮ ಕೇಳ್ತಿದಾರೆ ಅಂದ್ಕೋ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತಾ?"

ಅವಳು ಪಾತ್ರೆಯೊಳಗೆ ಕೈ ಹಾಕಿ ಕಾಳನ್ನು ಕಲಕಿದಳು. ಉತ್ತರ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಓಪಿಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಬರಬೇಕಾದರೆ ಪರದೆ ಎಳೆದು ಕಾಯಬೇಕಾಗುತ್ತಿತ್ತು.

"ಕಾಣುತ್ತೆ," ಅಂದಳು ಕಡೆಗೆ. "ಯಾವಾಗಲೂ ಅಲ್ಲ. ಬೆಳಿಗ್ಗೆ ಬಟ್ಟೆ ಮೇಲೆ. ನಾನು ಮುಟ್ಟು ಶುರುವಾಯ್ತು ಅಂತ ಹೇಳಿ ಬೇರೆ ಮಲಗ್ತೀನಿ. ಅವರಿಗೆ ಗೊತ್ತಿಲ್ಲ."

"ನೋವು? ವಾಸನೆ? ಬಿಳಿಸೆರಗು ಹೆಚ್ಚಾಗಿದೆಯಾ?"

"ಬಿಳಿ ಇದೆ ಸ್ವಲ್ಪ. ನೋವಿಲ್ಲ. ಏನತ್ತಿಗೆ, ಕೆಟ್ಟದ್ದಾ?"

"ಕೆಟ್ಟದ್ದು ಅಂತ ಹೇಳ್ತಿಲ್ಲ. ಹೀಗೆ ಕಾಣೋರಲ್ಲಿ ಹೆಚ್ಚಿನವರಿಗೆ ಸಣ್ಣ ಕಾರಣವೇ ಇರುತ್ತೆ. ಪಾಲಿಪ್ ಇರಬಹುದು. ಕ್ಲಮೈಡಿಯಾ, ಗೊನೊರಿಯಾ ಥರದ ಸೋಂಕು ಆಗಿ ಗರ್ಭಕೋಶದ ಬಾಯಿ ಊದಿರಬಹುದು. ಅದಕ್ಕೆ ಮಾತ್ರೆ ಇದೆ, ಆದರೆ ಗಂಡ ಹೆಂಡತಿ ಇಬ್ಬರೂ ತಗೋಬೇಕು, ಒಬ್ಬರೇ ತಗೊಂಡರೆ ತಿರುಗಿ ಬರುತ್ತೆ. ಒಳಗಿನ ಮೆದು ಚರ್ಮ ಬಾಯಿಂದ ಆಚೆಗೆ ಹರಡಿಕೊಂಡಿರಬಹುದು, ಅದೂ ತಗಲಿದರೆ ಒಸರುತ್ತೆ. ಆದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೂಡ ಮೊದಲು ತೋರಿಸಿಕೊಳ್ಳೋದು ಹೀಗೇ. ಅದಕ್ಕೇ ನೋಡಿಸಬೇಕು. ಮನೇಲಿ ಕೂತು ಇದಾ ಅದಾ ಅಂತ ಆರಿಸೋಕೆ ನನ್ನ ಕೈಲೂ ಆಗಲ್ಲ, ಯಾರ ಕೈಲೂ ಆಗಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ಅವರೆಯ ಸೊಗಡು ಮೆತ್ತಿದ ಕೈಯಿಂದ ಒರೆಸಿಕೊಳ್ಳಲೂ ಆಗದೆ ಮೊಣಕೈ ಮೇಲೆ ಮಾಡಿ ತೋಳಿಗೆ ಒರೆಸಿಕೊಂಡಳು.

"ನಾನು ಒಬ್ಬಳ ವಿಷಯ ಹೇಳ್ತೀನಿ," ಅಂದೆ. "ಇದನ್ನ ನಿಮ್ಮಣ್ಣನಿಗೂ ಹೇಳಿಲ್ಲ. ಸರ್ವಿಸಿಗೆ ಸೇರಿ ನಾಲ್ಕೋ ಐದೋ ವರ್ಷ ಆಗಿತ್ತು. ರೇಷ್ಮೆ ಹುಳು ಮೇಯಿಸೋ ಹೆಂಗಸು, ನಿನ್ನಷ್ಟೇ ವಯಸ್ಸು. ಬೆರಳೆಲ್ಲ ಹಿಪ್ಪುನೇರಳೆ ಸೊಪ್ಪಿನ ಕರೆ. 'ತಿಂಗಳಿಗೆ ಎರಡು ಸಲ ಆಗ್ತೀನಮ್ಮ' ಅಂದಳು. ಸಾಲು ಗೇಟಿನವರೆಗೂ ಇತ್ತು. ನಾನು ಚೀಟಿ ಮೇಲೆ ಮುಟ್ಟಿನ ಏರುಪೇರು ಅಂತ ಬರೆದು ಒಳಗೆ ಕಳಿಸಿದೆ. ಚೀಟೀಲಿ ಹಾಗಿದ್ದದ್ದಕ್ಕೆ ಅವಳಿಗೆ ಕಬ್ಬಿಣದ ಮಾತ್ರೆ ಸಿಕ್ಕಿತು. ಹನ್ನೊಂದು ತಿಂಗಳು ಬಿಟ್ಟು ತಿರುಗಿ ಬಂದಳು. ಅವಳು ಬೆಂಚಿನ ಮೇಲೆ ಕೂತಿದ್ದ ಹಾಗೇ ವಾಸನೆಗೆ ಪಕ್ಕದವರು ಎದ್ದು ಹೋದರು. ಬೆಂಗಳೂರಿಗೆ ಬರೆದು ಕಳಿಸಿದ್ವಿ. ಆಮೇಲೆ ಅವಳು ಬರಲಿಲ್ಲ. ನಿನ್ನನ್ನ ಈಗ ಕೇಳಿದೆನಲ್ಲ, ಆ ಒಂದು ಪ್ರಶ್ನೆ, ಅದನ್ನ ಅವತ್ತು ನಾನು ಕೇಳಿರಲಿಲ್ಲ. ಅವಳು ಮುಟ್ಟು ಅಂದಳು, ನಾನೂ ಮುಟ್ಟು ಅಂತ ಬರೆದೆ."

ನಾದಿನಿ ನನ್ನ ಮೊಣಕೈ ಹಿಡಿದುಕೊಂಡಳು. ಸಮಾಧಾನ ಯಾರು ಯಾರಿಗೆ ಹೇಳಬೇಕಿತ್ತೋ ಆ ಹೊತ್ತಿನಲ್ಲಿ ಅದು ಅದಲುಬದಲಾಗಿತ್ತು.

"ಈ ರೋಗದ ವಿಷಯದಲ್ಲಿ ನನಗೆ ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ?" ಅಂದೆ. "ಇದು ನಿಧಾನವಾಗಿ ಬರೋದು. ಎಚ್‌ಪಿವಿ ಅನ್ನೋ ವೈರಸ್ ಸೇರಿಕೊಂಡು, ಹೋಗದೆ ಉಳಿದುಕೊಂಡರೆ, ಕ್ಯಾನ್ಸರ್ ಆಗೋಕೆ ವರ್ಷಗಟ್ಟಲೆ, ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಅಷ್ಟು ಕಾಲ ನಮ್ಮ ಕೈಲಿದೆ. ಆದರೂ 2022ರ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಇದಕ್ಕೆ ತುತ್ತಾದವರು 1 ಲಕ್ಷ 27 ಸಾವಿರ ಹೆಂಗಸರು, ಸತ್ತವರು ಸುಮಾರು 80 ಸಾವಿರ. ಮತ್ತೆ ಆಗಲೇ ಹೇಳಿದ ಸಮೀಕ್ಷೆಯ ಹೊತ್ತಿಗೆ ದೇಶದ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಂದು ಸಲವಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 2 ಜನವೂ ಇರಲಿಲ್ಲ."

"ತಪಾಸಣೆ ಅಂದರೆ ಆ ಪ್ಯಾಪ್ ಅನ್ನೋದಾ? ನೋವಾಗುತ್ತೆ ಅಂತಾರೆ."

"ಬ್ರಷ್ಷಿನಲ್ಲಿ ಒಂದು ಸಲ ಸವರಿ ತೆಗೆಯೋದು, ಅಷ್ಟೇ. ಪಾಪನಿಕೊಲಾವ್ ಅಂತ ಗ್ರೀಸ್ ದೇಶದಿಂದ ಅಮೆರಿಕಕ್ಕೆ ಹೋದ ಡಾಕ್ಟರು ಕಂಡುಹಿಡಿದದ್ದು. ಅವನ ಹೆಂಡತಿ ಆಂಡ್ರೊಮಾಖಿ ಅವನ ಲ್ಯಾಬಿನಲ್ಲೇ ಕೆಲಸ ಮಾಡ್ತಿದ್ದಳು. ಒಬ್ಬ ಹೆಂಗಸಿನ ತಿಂಗಳು ಹೇಗೆ ಸಾಗುತ್ತೆ ಅಂತ ತಿಳಿಯೋಕೆ ಅವಳು ವರ್ಷಗಟ್ಟಲೆ ತನ್ನದೇ ಸ್ಯಾಂಪಲ್ ಕೊಟ್ಟಳು. 1943ರಲ್ಲಿ ಅವನ ಪುಸ್ತಕ ಬಂತು, ಪರೀಕ್ಷೆಗೆ ಅವನ ಹೆಸರು ಬಂತು. ಅವಳ ಹೆಸರನ್ನೂ ನೆನಪಿಟ್ಟುಕೋ ಅಂತ ನಾನು ಟ್ರೈನಿಂಗಿಗೆ ಬಂದ ಹುಡುಗೀರಿಗೆ ಹೇಳ್ತಿದ್ದೆ."

"ನಮ್ಮೂರಲ್ಲಿ ಅದೆಲ್ಲಾ ಇದೆಯಾ?"

"ಪ್ಯಾಪ್‌ಗೆ ಲ್ಯಾಬು ಬೇಕು. ಅದಿಲ್ಲದ ಕಡೆ ಇನ್ನೊಂದು ಇದೆ. ಅಸಿಟಿಕ್ ಆಮ್ಲ, ಅಂಗಡೀಲಿ ಸಿಗೋ ವಿನೆಗರ್ ಜಾತಿ. ಅದನ್ನ ಗರ್ಭಕೋಶದ ಬಾಯಿಗೆ ಸವರಿ ಒಂದು ನಿಮಿಷ ಬಿಟ್ಟರೆ, ಕೆಡೋಕೆ ಶುರುವಾದ ಜಾಗ ಬೆಳ್ಳಗೆ ಕಾಣುತ್ತೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಇದನ್ನ ಹನ್ನೆರಡು ವರ್ಷ ಪರೀಕ್ಷಿಸಿ ನೋಡಿದರು. ನೋಡಿದವರು ಡಾಕ್ಟರುಗಳಲ್ಲ, ಹತ್ತನೇ ತರಗತಿ ಓದಿದ, ತರಬೇತಿ ಕೊಟ್ಟ ಹೆಂಗಸರು. ಅಷ್ಟಕ್ಕೇ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆ ಆಯ್ತು. ಆದರೆ ಒಂದು ತಿಳ್ಕೋ. ಅದು ಏನೂ ತೊಂದರೆ ಇಲ್ಲದವರಿಗೆ ಮಾಡೋ ತಪಾಸಣೆ. ನಿನಗೆ ರಕ್ತ ಕಾಣ್ತಿದೆ. ನಿನಗೆ ಡಾಕ್ಟರೇ ಕಣ್ಣಿಟ್ಟು ನೋಡಬೇಕು. ಪ್ಯಾಪ್ ಸರಿ ಬಂತು ಅಂತ ಸುಮ್ಮನಾಗಬಾರದು, ರಕ್ತಕ್ಕೆ ಕಾರಣ ಸಿಗೋವರೆಗೂ ಕೇಳಬೇಕು."

"ನಮ್ಮತ್ತೆಗೆ ಪೂರ್ತಿ ನಿಂತು ಆರು ವರ್ಷ ಆದ್ಮೇಲೆ ಒಂದ್ಸಲ ಕಂಡಿತ್ತು. ತಿರುಗಿ ಪ್ರಾಯ ಬಂತು ಅಂತ ಎಲ್ಲರೂ ನಕ್ಕಿದ್ದೆವು."

"ತೋರಿಸಿದಿರಾ?"

"ಇಲ್ಲ."

"ಈಗಲೂ ಕರ್ಕೊಂಡು ಹೋಗು. ಒಂದು ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ನೋಡಿಸಲೇಬೇಕು. ಅದು ಗರ್ಭಕೋಶದ ಒಳಗೋಡೆಯ ಕ್ಯಾನ್ಸರ್ ಇರಬಹುದು, ಮೈ ಒಣಗಿದ್ದಕ್ಕೆ ಬಂದದ್ದೂ ಇರಬಹುದು. ನಗೋ ವಿಷಯವಂತೂ ಅಲ್ಲ."

ಅವಳು ಕೈ ತೊಳೆದುಕೊಂಡು ಬಂದು ಮತ್ತೆ ಕೂತಳು. ಕೇಳಲೋ ಬೇಡವೋ ಅನ್ನುವ ಹಾಗಿತ್ತು ಮುಖ.

"ನನ್ನ ಭಯ ಬೇರೆ ಇದೆ ಅತ್ತಿಗೆ. ತೋರಿಸಿದರೆ ತೆಗೆದುಹಾಕ್ತಾರೆ. ನಮ್ಮ ಪಕ್ಕದ ಮನೆಯವಳು ಹೀಗೇ ಹೋದಳು, ಗರ್ಭಕೋಶದ ಬಾಯಿ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ ಅಂದರಂತೆ. ಎರಡು ವಾರಕ್ಕೆ ಆಪರೇಷನ್. 34 ವರ್ಷ ಅವಳಿಗೆ. ಸಾಲ ಇನ್ನೂ ತೀರಿಲ್ಲ, ಸೊಂಟನೋವೂ ಹೋಗಿಲ್ಲ."

ಈ ಭಯವನ್ನು ನಾನು ತಳ್ಳಿಹಾಕಲಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಕಿಲ್ಲದೆ ತೆಗೆದ ವಿಷಯ ಹೊರಗೆ ಬಂದಾಗ ನಾನಿನ್ನೂ ಕೆಲಸದಲ್ಲಿದ್ದೆ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರು ಆ ಅಂಗವನ್ನೇ ಕಳೆದುಕೊಂಡು ಬಂದಿದ್ದರು. ತೋರಿಸದೆ ಸಾಯುವ ಹೆಂಗಸರು, ತೋರಿಸಿ ಮೋಸಹೋಗುವ ಹೆಂಗಸರು, ಇಬ್ಬರೂ ನಮ್ಮವರೇ.

"ಹುಣ್ಣು ಅಂತ ಹೇಳ್ತಾರಲ್ಲ, ಬಹಳ ಸಲ ಅದು ಹುಣ್ಣೇ ಅಲ್ಲ," ಅಂದೆ. "ಆಗಲೇ ಹೇಳಿದೆನಲ್ಲ, ಒಳಗಿನ ಮೆದು ಚರ್ಮ ಆಚೆಗೆ ಹರಡಿದ್ದು, ನೋಡೋಕೆ ಕೆಂಪಗೆ ಇರುತ್ತೆ. ಮಾತ್ರೆ ನುಂಗೋರಲ್ಲಿ, ಬಸುರಿಯರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಸಹಜವಾಗೇ ಇರುತ್ತೆ. ಅದು ಕ್ಯಾನ್ಸರ್ ಆಗಲ್ಲ. ಪ್ಯಾಪ್ ಸರಿ ಇದ್ದು ತೊಂದರೆ ಇಲ್ಲದಿದ್ದರೆ ಏನೂ ಮಾಡಬೇಕಾಗಿಲ್ಲ. ಗರ್ಭಕೋಶ ತೆಗೀಬೇಕು ಅಂತ ಯಾರೇ ಹೇಳಲಿ, ಯಾಕೆ ಅಂತ ಕೇಳು. ಪರೀಕ್ಷೆಯ ರಿಪೋರ್ಟ್ ಕೈಗೆ ಇಸ್ಕೋ. ಬೇರೆ ದಾರಿ ಇಲ್ಲವಾ ಅಂತ ಕೇಳು. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗು. ಬೇಕಿಲ್ಲದ ಈ ಆಪರೇಷನ್‌ಗಳನ್ನ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿದೆ. ನಾಳೇನೇ ದಾಖಲಾಗಿ ಅಂತ ಅವಸರ ಮಾಡೋ ಕಾಯಿಲೆ ಇದರಲ್ಲಿ ಕಡಿಮೆ. ಗಂಟೆಗೊಂದು ಪ್ಯಾಡು ನೆನೆದುಹೋಗ್ತಿದ್ದರೆ, ತಲೆ ಸುತ್ತಿ ಬಿದ್ದರೆ, ಬಸಿರು ಇದ್ದು ನೋವು ಬಂದರೆ, ಆಗ ಮಾತ್ರ ಆ ಕ್ಷಣವೇ ಓಡಬೇಕು."

"ನೋಡುವಾಗ ಏನು ಮಾಡ್ತಾರೆ? ಹೆರಿಗೆ ಆದ್ಮೇಲೆ ನಾನು ಆ ಟೇಬಲ್ ಹತ್ತಿಲ್ಲ."

"ಸ್ಪೆಕ್ಯುಲಮ್ ಅಂತ, ಬಾತುಕೋಳಿ ಕೊಕ್ಕಿನ ಹಾಗಿರೋ ಉಪಕರಣ. ಅದನ್ನ ಇಟ್ಟು ಅಗಲಿಸಿ, ಲೈಟ್ ಹಾಕಿ ಗರ್ಭಕೋಶದ ಬಾಯಿ ನೋಡ್ತಾರೆ. ಲೋಹದ್ದು, ತಣ್ಣಗೆ ಕೊರೆಯುತ್ತೆ. ನಾನಂತೂ ಬಿಸಿನೀರಲ್ಲಿ ಅದ್ದಿ ಕೊಡ್ತಿದ್ದೆ. ಉಸಿರು ಉದ್ದಕ್ಕೆ ಬಿಡು, ಸೊಂಟ ಬಿಗಿ ಹಿಡೀಬೇಡ, ಎರಡು ನಿಮಿಷಕ್ಕೆ ಮುಗಿಯುತ್ತೆ. ನೋವಾದರೆ ನಿಲ್ಲಿಸಿ ಅನ್ನೋ ಹಕ್ಕು ನಿನಗಿದೆ. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್, ಒಂದು ಸ್ಕ್ಯಾನಿಂಗ್. ಅದರಲ್ಲೂ ಸಿಗದಿದ್ದರೆ ಒಳಗೋಡೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ. 45 ದಾಟಿದವರಿಗೆ ಅದನ್ನ ಮಾಡೇ ಮಾಡ್ತಾರೆ. ತೂಕ ಜಾಸ್ತಿ ಇದ್ದರೆ, ಪಿಸಿಓಡಿ ಇದ್ದರೆ ಅದಕ್ಕೂ ಮೊದಲೇ."

"ಕಲೆ ಇರುವಾಗ ಹೋಗೋದು ಹೇಗೆ? ಅಸಹ್ಯ ಅಲ್ವಾ?"

"ಅದನ್ನೇ ತಾನೇ ತೋರಿಸೋಕೆ ಹೋಗ್ತಿರೋದು? ಮುಟ್ಟಿನ ಜೋರು ದಿನ ಪ್ಯಾಪ್ ತೆಗೆಯೋದು ಕಷ್ಟ, ಅದೊಂದು ಬಿಟ್ಟರೆ ಕಲೆ ಇದೆ ಅಂತ ಯಾವ ಡಾಕ್ಟರೂ ಮುಖ ತಿರುಗಿಸಲ್ಲ. ಸೋಮವಾರ ಲೇಡಿ ಡಾಕ್ಟರು ಇರ್ತಾರೆ. ಒಂಬತ್ತಕ್ಕೆ ಚೀಟಿ ಮಾಡಿಸಿದರೆ ಹನ್ನೊಂದರೊಳಗೆ ಆಗುತ್ತೆ. ನಾನು ಜೊತೆಗೆ ಬರ್ತೀನಿ, ಟೇಬಲ್ ಪಕ್ಕದಲ್ಲೇ ನಿಂತಿರ್ತೀನಿ. ಸೋಮವಾರದವರೆಗೂ ಇಲ್ಲೇ ಇರು."

"ಇವರಿಗೆ ಏನು ಹೇಳಲಿ?"

"ನಿಜ ಹೇಳು. ಸೋಂಕು ಅಂತಾದರೆ ಅವರೂ ಮಾತ್ರೆ ನುಂಗಬೇಕಾಗುತ್ತೆ, ಆಗ ಹೇಳೋದಕ್ಕಿಂತ ಈಗಲೇ ವಾಸಿ."

ಅವಳು ಸ್ವಲ್ಪ ಹೊತ್ತು ಯೋಚಿಸಿ ಫೋನ್ ತೆಗೆದುಕೊಂಡು ಮಗಳಿಗೆ ಮಾಡಿದಳು. ಹಳೆಯ ಕ್ಯಾಲೆಂಡರ್ ಎಲ್ಲಿದೆ ನೋಡು, ಹಾಲಿನ ಲೆಕ್ಕ ಬೇಕಿತ್ತು ಅಂದಳು. ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದೆಯಂತೆ. "ಡಬ್ಬಿ ಎತ್ತಿ ತೆಗಿ, ಎಣ್ಣೆ ಆಗಿದ್ದರೂ ಪರವಾಗಿಲ್ಲ. ಜುಲೈಯಿಂದ ಎಲ್ಲಾ ಹಾಳೆ ಫೋಟೋ ಹೊಡೆದು ಕಳಿಸು," ಅಂದು ಒಂದು ಕ್ಷಣ ನಿಂತು, "ಹಾಲಿನ ಲೆಕ್ಕ ಅಲ್ಲ ಕಣೇ, ನನ್ನ ಲೆಕ್ಕ. ಬಂದ ಮೇಲೆ ನಿನಗೂ ಹೇಳ್ತೀನಿ," ಅಂದಳು.

ಫೋಟೋಗಳು ಒಂದೊಂದಾಗಿ ಬಂದವು. ಕನ್ನಡಕ ಹಾಕಿಕೊಂಡು ಇಬ್ಬರೂ ಬಗ್ಗಿ ನೋಡಿದೆವು. ನೀಲಿ ಶಾಯಿಯ ಗೀಟುಗಳು, ಅಲ್ಲಲ್ಲಿ ಎಣ್ಣೆಯ ದುಂಡನೆಯ ಗುರುತು, ಅದರ ನಡುವೆ ಪೆನ್ನನ್ನು ಒತ್ತಿ ಹಿಡಿದು ಇಟ್ಟ ಚುಕ್ಕಿಗಳು. ಮುಟ್ಟಿನ ದಿನಗಳಿಗೆ ಸಾಲಾಗಿ ಐದು, ಉಳಿದವು ಒಂಟಿ. ಡಿಸೆಂಬರಿನಲ್ಲಿ ಒಂಟಿ ಚುಕ್ಕಿ ಮೂರು. ನವೆಂಬರಿನಲ್ಲಿ ಗೃಹಪ್ರವೇಶದ ದಿನಕ್ಕೆ ಸುತ್ತ ಗೆರೆ ಎಳೆದಿತ್ತು. ಅದಾದ ಮೇಲೆ ಎರಡು.

"ನೋಡಿ, ಮಾತ್ರೆ ಆದ್ಮೇಲೆ," ಅಂದಳು.

"ಹಿಂದಿನ ಹಾಳೆ ತೆಗಿ."

ಅಕ್ಟೋಬರಿನಲ್ಲಿ ಎರಡು ಇದ್ದವು. ಸೆಪ್ಟೆಂಬರಿನಲ್ಲಿ ಒಂದು. ಆಗಸ್ಟಿನ ಹಾಳೆಯಲ್ಲಿ ವರಮಹಾಲಕ್ಷ್ಮಿ ಹಬ್ಬ ಕಳೆದ ವಾರದಲ್ಲಿ, ಎರಡು ಲೀಟರಿನ ಗೀಟಿನ ಪಕ್ಕ, ಇದ್ದೂ ಇಲ್ಲದ ಹಾಗೆ ಒಂದು.

ಅವಳು ಫೋನನ್ನು ಹತ್ತಿರ ಹಿಡಿದು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. ನಾನು ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದುಕೊಟ್ಟೆ. ಆಗಸ್ಟಿನಿಂದ ಶುರುಮಾಡಿ ಒಂದೊಂದೇ ತಾರೀಕು ಅವಳು ಬರೆಯತೊಡಗಿದಳು. ನಾನು ಉಳಿದ ಕಾಳು ಹಿತುಕಿದೆ.